ಎಲ್ಲರಿಗಿಂತ ಹಿಂದೆ ಓಡಿಬಂದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ರಬಕವಿಯ ಸೀರೆ ಅಂಗಡಿಯೊಂದರಲ್ಲಿ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಸೆರಗು ಬಿಡಿಸಿ ಬೆಳಕಿಗೆ ಹಿಡಿದವನು ಅದನ್ನು ಹಾಗೇ ಹಿಡಿದುಕೊಂಡು, "ಮೇಡಂ, ನಿಮಗ ಗೊತ್ತಾತೇನ್ರಿ? ಓಟದ ಸರ್ ಹೋದ್ರಂತ," ಎಂದ.

"ಎಲ್ಲಿಗಿ?" ಎಂದು ಕೇಳಿಬಿಟ್ಟೆ. ಆ ಮನುಷ್ಯ ಕೂತ ಜಾಗ ಬಿಟ್ಟು ಎಲ್ಲಿಗಾದರೂ ಹೋಗುವುದೇ ನನಗೆ ನಂಬಲಾಗದ ಮಾತಾಗಿತ್ತು. ಹುಡುಗನ ಮುಖ ನೋಡಿದ ಮೇಲೆ ಅರ್ಥವಾಯಿತು. ಆಮೇಲೆ ಇಬ್ಬರಿಗೂ ಒಮ್ಮೆಲೇ ನಗು ಬಂತು, ನಕ್ಕದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. ಸೀರೆ ಕೊಳ್ಳದೆ ಮನೆಗೆ ಬಂದೆ.

ಜಮಖಂಡಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ಅವರು ಗಣಿತ ಕಲಿಸುತ್ತಿದ್ದರು. ಹೆಸರು ಬೇಡ. ಬದುಕಿದ್ದಾಗಲೂ ಅವರನ್ನು ಯಾರೂ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ನಮಗೆಲ್ಲ ಗಣಿತ ಸರ್, ಹುಡುಗರಿಗೆ ಓಟದ ಸರ್. ಈ ಎರಡನೆಯ ಹೆಸರು ಹೇಗೆ ಬಂತು, ಬಂದ ಮೇಲೆ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನೇ ಬರೆಯಬೇಕೆಂದಿದ್ದೇನೆ.

ಅವರಷ್ಟು ಕಡಿಮೆ ನಡೆಯುವ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಸ್ಕೂಟರನ್ನು ಸ್ಟಾಫ್ ರೂಮಿನ ಮೆಟ್ಟಿಲಿಗೆ ತಾಗಿಸಿಯೇ ನಿಲ್ಲಿಸುತ್ತಿದ್ದರು. ಇನ್ನೊಂದು ಮೊಳ ಮುಂದೆ ಹೋಗಿದ್ದರೆ ಸ್ಕೂಟರೇ ಹಾಜರಿ ಹಾಕುತ್ತಿತ್ತು. ಮೇಲಿನ ಕೋಣೆಗಳಲ್ಲಿ ಹುಡುಗರಿಗೆ ಸೆಕೆ ಎಂದು ಪ್ರಾಚಾರ್ಯರ ಹತ್ತಿರ ವಾದ ಮಾಡಿ ತಮ್ಮ ತರಗತಿಗಳನ್ನೆಲ್ಲ ಕೆಳಗಿನ ಕೋಣೆಗೆ ಇಳಿಸಿಕೊಂಡಿದ್ದರು. ಕರಿಹಲಗೆಯ ಮುಂದೆಯೂ ಅಷ್ಟೇ. ಒಂದು ಕಡೆ ನಿಂತರೆಂದರೆ ಕೈಗೆ ನಿಲುಕುವಷ್ಟು ಜಾಗದಲ್ಲಿ ಇಡೀ ತ್ರಿಕೋನಮಿತಿ ಮುಗಿಯಬೇಕು. ಆದರೆ ಕಲಿಸುವುದರಲ್ಲಿ ಮಾತ್ರ ಅವಸರವೂ ಇಲ್ಲ, ಬೇಸರವೂ ಇಲ್ಲ. "ತಿಳೀಲಿಲ್ಲಾ? ಛಲೋ ಆತು. ನನಗೂ ಮೊದಲನೇ ಸಲ ತಿಳದಿರಲಿಲ್ಲ," ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ದಡ್ಡರೆನಿಸಿಕೊಂಡ ಹುಡುಗರೆಲ್ಲ ಅವರ ಸ್ಕೂಟರ್ ಒರೆಸಲು ಪೈಪೋಟಿ ಮಾಡುತ್ತಿದ್ದುದು ಸುಮ್ಮನೆ ಅಲ್ಲ.

ಇಂಥವರು ಮಧ್ಯಾಹ್ನದ ಬುತ್ತಿ ಬಿಚ್ಚಿದ ಕೂಡಲೇ ಬೇರೆ ಮನುಷ್ಯರಾಗುತ್ತಿದ್ದರು. ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಒತ್ತುತ್ತ, "ನಾ ಓಡತಿದ್ದಾಗ..." ಎಂದು ಶುರುಮಾಡುವರು. ಅವರದು ಬೀಳಗಿ ಕಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿಹೋದ ಊರು. ಹೊಳೆಯ ದಂಡೆಯ ಉಸುಕಿನಲ್ಲಿ ಬರಿಗಾಲಲ್ಲಿ ಓಡಿದ್ದು, ಬೀಳಗಿಯ ಬಸ್ಸನ್ನು ಹಿಂದೆ ಹಾಕಿ ಮುಂದಿನ ಊರಿನಲ್ಲಿ ಅದೇ ಬಸ್ಸಿಗೆ ಕೈ ಮಾಡಿದ್ದು, ಮುಧೋಳದ ಪಂದ್ಯದಲ್ಲಿ ಗೆದ್ದು ಬಂದಾಗ ಊರ ಮಂದಿ ಬೀರೇಶ್ವರನ ಗುಡಿಯ ಡೊಳ್ಳು ತಂದು ಎದುರುಗೊಂಡದ್ದು. ಕೇಳುತ್ತ ಕೂತರೆ ನಮ್ಮ ರೊಟ್ಟಿ ಒಣಗುತ್ತಿದ್ದವು. ಎದುರಿಗೆ ಕೂತ ಹೊಟ್ಟೆಗೂ ಕೇಳುತ್ತಿದ್ದ ಕತೆಗೂ ತಾಳೆಯಾಗುತ್ತಿರಲಿಲ್ಲ, ಅದು ಬೇರೆ ಮಾತು. ವಯಸ್ಸು ಯಾರನ್ನು ಬಿಡುತ್ತದೆ ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದೆವು.

ಸಾಕ್ಷಿಯೂ ಇತ್ತು. ಅವರ ಮನೆಯ ಪಡಸಾಲೆಯ ಗಾಜಿನ ಕಪಾಟಿನ ತುಂಬ ಕಪ್ಪುಗಳು, ಪದಕಗಳು. ಒಮ್ಮೆ ಮನೆಗೆ ಹೋದಾಗ ನಾನು ಅವನ್ನು ನೋಡುತ್ತ ನಿಂತಿದ್ದೆ. ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಚಹಾ ಹಿಡಿದು ಬಂದರು.

"ಭಾಳ ಕಪ್ ಅದಾವಲ್ರಿ ವೈನಿ," ಎಂದೆ.

"ಹೂಂನ್ರಿ. ಗೆದ್ದಾವರಿಗಿ ಒಂದ ದಿನದ ಕೆಲಸ. ತಿಕ್ಕಾವರಿಗಿ ಪ್ರತಿ ದೀಪಾವಳಿ," ಎಂದು ಗಂಡನ ಕಡೆ ಒಂದು ನೋಟ ಬೀರಿದರು. ಸರ್ ಆಗ ಬಿಸಿ ಚಹಾವನ್ನು ಊದುವುದರಲ್ಲಿ ಬಹಳ ಮಗ್ನರಾಗಿದ್ದರು.

ಅವರಿಗೆ ಒಬ್ಬಳೇ ಮಗಳು. ನಮ್ಮ ಕಾಲೇಜಿನಲ್ಲೇ ಓದುತ್ತಿದ್ದಳು. ಅಪ್ಪನ ಕತೆಗಳನ್ನು ನಮಗಿಂತ ಚೆನ್ನಾಗಿ ಹೇಳುತ್ತಿದ್ದಳು. ಓಟದ ಸರ್ ಎಂಬ ಹೆಸರು ಊರೆಲ್ಲ ಹರಡಿದ್ದು ಅವಳಿಂದಲೇ.

ಆ ವರ್ಷ ರಾಜ್ಯೋತ್ಸವಕ್ಕೆ ಊರಿನ ಹಿರಿಯರು ಸೇರಿ ಒಂದು ಓಟ ಏರ್ಪಡಿಸಿದರು. ಗೆಲ್ಲುವ ಹುಡುಗರಿಗೆ ಬೇರೆ ಪಂದ್ಯ. ಇದು ಎಲ್ಲರ ಓಟ. ಮನೆ ಮಂದಿ, ಗೆಳೆಯರು, ಓಣಿಯವರು ಗುಂಪು ಕಟ್ಟಿಕೊಂಡು ಕಾಲೇಜು ಮೈದಾನದಿಂದ ಹೊರಟು, ಪೇಟೆ ಸುತ್ತಿ, ರಾಮತೀರ್ಥದ ಕಡೆಯ ಏರು ಹತ್ತಿ ಇಳಿದು ಮತ್ತೆ ಮೈದಾನಕ್ಕೆ ಬರಬೇಕು. ಮಗಳು ಅದೇ ದಿನ ಹೋಗಿ ಹೆಸರು ಬರೆಸಿ ಬಂದಳು: ಅಪ್ಪ, ಅವ್ವ, ತಾನು, ಜೊತೆಗೆ ನಾವೊಂದಿಷ್ಟು ಉಪಾಧ್ಯಾಯರು. ಗುಂಪಿನ ಮುಂದಾಳು ಓಟದ ಸರ್.

ಎರಡು ದಿನ ಬಿಟ್ಟು ಸರ್ ಸ್ಟಾಫ್ ರೂಮಿಗೆ ಕುಂಟುತ್ತ ಬಂದರು.

"ಮೊಣಕಾಲ ಯಾಕೋ ಹಿಡದೈತಿ ಮೇಡಂ."

"ನಿನ್ನಿ ಬಲಗಾಲ ಅಂದಿದ್ರಿ ಸರ್. ಇವತ್ತ ಎಡಗಾಲ ಕುಂಟಾಕತ್ತೀರಿ," ಎಂದೆ.

ಅವರು ನಿಂತು, ಕಾಲು ನೋಡಿಕೊಂಡು, ನಿಟ್ಟುಸಿರುಬಿಟ್ಟು ಕುರ್ಚಿಗೆ ಕೂತರು. ಕುಂಟುವುದು ಅಲ್ಲಿಗೆ ಮುಗಿಯಿತು.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಸರ್ ತರಗತಿಗೆ ಬಂದೊಡನೆ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಪ್ರಾಚಾರ್ಯರು ಎದುರಾದಾಗಲೆಲ್ಲ "ಚಾಂಪಿಯನ್ನರ, ತಯಾರಿ ಹೆಂಗ ನಡದೈತಿ?" ಎನ್ನುತ್ತಿದ್ದರು. ತಯಾರಿ ನಡೆದೇ ಇತ್ತು. ಬೆಳಿಗ್ಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ತಲೆಗೆ ಮಫ್ಲರ್ ಸುತ್ತಿ ಹೊರಡುತ್ತಿದ್ದರು. ಮೂಲೆಯ ಚಹಾದಂಗಡಿಯವರೆಗೆ ಓಟ, ಅಲ್ಲಿ ಚಹಾ ಮತ್ತು ಬಜಿ, ವಾಪಸು ಯಾರದಾದರೂ ಗಾಡಿಯ ಹಿಂದೆ. ಜೊತೆಗೆ ಹೊರಟ ವೈನಿ ಮಾತ್ರ ಸೀರೆಯ ಕೆಳಗೆ ಮಗಳ ಬೂಟು ಹಾಕಿಕೊಂಡು ಇಡೀ ದಾರಿ ಸುತ್ತಿ, ಬರುವಾಗ ಸಂತೆಯಿಂದ ಮೆಂತೆ ಸೊಪ್ಪನ್ನೂ ತರುತ್ತಿದ್ದರು.

ಓಟದ ದಿನ ಮೈದಾನ ತುಂಬಿತ್ತು. ಕೆಂಪು ಹಳದಿ ಬಾವುಟ, ಹಲಗೆ ಬಾರಿಸುವ ಸಪ್ಪಳ, ಬನಹಟ್ಟಿಯಿಂದ ಬಂದ ನೇಕಾರ ಹೆಣ್ಣುಮಕ್ಕಳ ಒಂದು ಗುಂಪು ಒಂದೇ ಬಣ್ಣದ ಸೀರೆ ಉಟ್ಟು ಕಚ್ಚೆ ಹಾಕಿ ನಿಂತಿತ್ತು. ಒಂದು ಮನೆಯವರಂತೂ ಅಜ್ಜಿಯನ್ನು ತಳ್ಳುಗಾಡಿಯಲ್ಲಿ ಕೂಡಿಸಿಕೊಂಡು ಬಂದಿದ್ದರು. ಅಜ್ಜಿಯ ಕೊರಳಿಗೂ ಓಟದ ನಂಬರು. ಸರ್ ಹಣೆಗೆ ರುಮಾಲು ಒತ್ತಿಕೊಳ್ಳುತ್ತ ನಮ್ಮ ಮಧ್ಯೆ ನಿಂತಿದ್ದರು.

ಆಗ ಗುಂಪಿನ ನಡುವಿನಿಂದ ಒಬ್ಬರು ಕೋಲೂರಿಕೊಂಡು ಬಂದರು. ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರದ ಅರಿಸಿನ, ಒಂದು ಕಾಲು ಎಳೆಯುತ್ತಿದ್ದರು. ಮೈ ಮಾತ್ರ ಈಗಲೂ ಬಿಗಿಯಾಗಿ, ಕಡೆದ ಹಾಗಿತ್ತು. ಅವರನ್ನು ಕಂಡೊಡನೆ ಸರ್ ಮುಖದ ಬಣ್ಣ ಹೋಯಿತು.

"ಅಣ್ಣಾ? ನೀ ಯಾವಾಗ ಬಂದಿ?"

"ತಂಗೆವ್ವ ಫೋನ್ ಮಾಡಿದ್ಲು. ತಮ್ಮ ಓಡ್ತಾನ, ನೋಡಾಕ ಬರ್ರಿ ಅಂದ್ಲು. ನಮ್ಮ ಪುನರ್ವಸತಿ ಊರಿಂದ ಮೊದಲನೇ ಬಸ್ಸಿಗೇ ಬಂದೆ."

ಸರ್ ಹೆಂಡತಿಯ ಕಡೆ ತಿರುಗಿದರು. ವೈನಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಅದು ಆಗಲೇ ಕಟ್ಟಿತ್ತು.

ಮಗಳು ಓಡಿಬಂದು ದೊಡ್ಡಪ್ಪನ ಕೈ ಹಿಡಿದಳು. ದೊಡ್ಡಪ್ಪ ಜಮಖಂಡಿಯ ಮನೆಗೆ ಬಂದದ್ದೇ ಇಲ್ಲ, ಹಬ್ಬ ಹುಣ್ಣಿಮೆಗೆ ಅಪ್ಪ ಒಬ್ಬರೇ ಅವರಿದ್ದಲ್ಲಿಗೆ ಹೋಗಿ ಬರುತ್ತಾರೆ ಎಂದು ಅವಳು ಮೊದಲೊಮ್ಮೆ ನನಗೆ ಹೇಳಿದ್ದಳು. ಈಗ ಸುತ್ತ ನಿಂತ ಗೆಳತಿಯರಿಗೆಲ್ಲ ಪರಿಚಯ ಮಾಡಿಸಿದಳು. ಅವರಲ್ಲೊಬ್ಬಳು ಕೇಳಿಯೇಬಿಟ್ಟಳು: "ಅಜ್ಜಾರ, ಸರ್ ಅಷ್ಟ ಜೋರ ಓಡತಿದ್ರಲ್ಲ, ನೀವೂ ಓಡತಿದ್ರೇನ್ರಿ?"

ಅಣ್ಣ ತಮ್ಮನನ್ನು ನೋಡಿದರು. ತಮ್ಮ ನೆಲ ನೋಡಿದರು. ಅಣ್ಣನ ಕಣ್ಣು ಆಮೇಲೆ ವೈನಿಯ ಕಡೆ ಹೋಗಿ, ಅಲ್ಲಿಂದ ಮಗಳ ಮುಖಕ್ಕೆ ಬಂದು ನಿಂತಿತು.

"ನಾನಾ?" ಎಂದು ನಕ್ಕರು. "ನಾ ಕುರಿ ಕಾಯಾಂವ, ತಂಗಿ. ಓಡಾಂವ ಇಂವಾ."

ಹಾಗೆಂದು ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ತಮ್ಮನ ಹಣೆಗೆ ಹಚ್ಚಿದರು. ಅಷ್ಟರಲ್ಲಿ ಸೀಟಿ ಊದಿದರು.

ಹುಡುಗರು ಮೊದಲು ಹೋದರು. ಬನಹಟ್ಟಿಯ ಸೀರೆಯವರು ನಗುತ್ತ ದಾಟಿದರು. ಮಗಳು ಸ್ವಲ್ಪ ದೂರ ಅಪ್ಪನ ಜೊತೆಗಿದ್ದು, "ಅಪ್ಪಾ, ನೀ ಕಡೀಗಿ ಜೋರ ತಗೋತಿ ಹೌದಿಲ್ಲೋ? ನಾ ಮುಂದ ಇರ್ತೀನಿ," ಎಂದು ಗೆಳತಿಯರನ್ನು ಸೇರಿಕೊಂಡಳು. ವೈನಿ ಹಿಂತಿರುಗಿ ನೋಡದೆ ಸರಸರನೆ ಹೊರಟರು. ಪೇಟೆಯ ತಿರುವಿನಲ್ಲಿ ತಳ್ಳುಗಾಡಿಯ ಅಜ್ಜಿಯೂ ನಮ್ಮನ್ನು ದಾಟಿದರು. ದಾಟುವಾಗ ಸರ್ ಕಡೆ ನೋಡಿ ಬೊಚ್ಚುಬಾಯಲ್ಲಿ, "ಬರ್ತಿಯೇನಪಾ, ಜಾಗಾ ಐತಿ," ಎಂದರು. ಸರ್ ಪಕ್ಕದಲ್ಲಿ ಉಳಿದವಳು ನಾನೊಬ್ಬಳೇ. ನನಗೂ ಓಡುವ ಶಕ್ತಿ ಇರಲಿಲ್ಲ. ಅವರಿಗೆ ಜೊತೆಯಾಗಿದ್ದೇನೆ ಎಂಬ ನೆವ ಸಿಕ್ಕಿತ್ತು.

ಏರಿನ ಬುಡಕ್ಕೆ ಬಂದಾಗ ಸರ್ ಒಂದು ಸಣ್ಣ ಸೇತುವೆಯ ಕಟ್ಟೆಗೆ ಕೂತುಬಿಟ್ಟರು. ಅಂಗಿ ಮೈಗೆ ಅಂಟಿತ್ತು, ಹಣೆಯ ಭಂಡಾರ ಬೆವರಿಗೆ ಇಳಿದು ಹುಬ್ಬಿಗೆ ಬಂದಿತ್ತು. ಹಿಂದಿನಿಂದ ಒಂದು ಆಟೊ ಬಂದು ನಿಂತಿತು. ಓಡಿಸುತ್ತಿದ್ದವನು ಅವರ ಹಳೆಯ ವಿದ್ಯಾರ್ಥಿಯೇ.

"ಸರ್, ಹತ್ರಿ. ಮೈದಾನದ ಹಿಂದಿನ ತಿರುವಿನ್ಯಾಗ ಇಳಸ್ತೀನಿ. ಅಲ್ಲಿಂದ ಓಡ್ಕೋತ ಹೋಗ್ರಿ. ಯಾರಿಗಿ ಗೊತ್ತಾಕ್ಕೈತಿ?"

ಸರ್ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ನಿಜ ಹೇಳಬೇಕೆಂದರೆ ಆಟೊದಲ್ಲಿ ಇಬ್ಬರಿಗೂ ಜಾಗವಿತ್ತು. ಅವರು ಎದ್ದು ಒಂದು ಕಾಲು ಒಳಗಿಟ್ಟರು. ಸೀಟಿನ ಮೇಲೆ ಕೈಯೂ ಇಟ್ಟರು. ಹಾಗೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಒಳಗಿನ ಕಾಲನ್ನು ಮೆಲ್ಲಗೆ ಹೊರಗೆ ತೆಗೆದರು.

"ಬ್ಯಾಡಪಾ. ನೀ ಹೋಗು."

"ಯಾಕ್ರಿ ಸರ್?"

"ಅಲ್ಲಿ ನಮ್ಮ ಅಣ್ಣ ನಿಂತಾನ."

ಆಟೊ ಹೋಯಿತು. ಏರು ಹತ್ತತೊಡಗಿದೆವು. ನಾಲ್ಕು ಹೆಜ್ಜೆಗೊಂದು ಮಾತಿನಂತೆ ಅವರು ಹೇಳಿದರು. ಆ ಕಪ್ಪುಗಳೆಲ್ಲ ಅಣ್ಣನವು. ಬಸ್ಸು ಹಿಂದೆ ಹಾಕಿದವನು ಅಣ್ಣ, ಡೊಳ್ಳು ಬಾರಿಸಿ ಎದುರುಗೊಂಡದ್ದು ಅಣ್ಣನನ್ನು. ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಹೋದ ಮೇಲೆ ಅಣ್ಣ ಓಟದ ಮಾತೇ ಎತ್ತಲಿಲ್ಲ. ಊರು ಮುಳುಗುವಾಗ ಎಲ್ಲರೂ ಸಿಕ್ಕ ಸಾಮಾನು ಸಿಕ್ಕ ಗಾಡಿಗೆ ಹೇರಿದರು. ಕಪ್ಪುಗಳಿದ್ದ ಟ್ರಂಕು ಇವರ ಗಾಡಿಯಲ್ಲಿ ಜಮಖಂಡಿಗೆ ಬಂತು. ಧೂಳು ತಿನ್ನುವುದು ಬೇಡವೆಂದು ಕಪಾಟಿನಲ್ಲಿಟ್ಟರು. ಬಂದವರೊಬ್ಬರು "ನಿಮ್ಮವಾ ಸರ್?" ಎಂದು ಕೇಳಿದರು.

"ನಾ ಹೂಂ ಅನ್ಲಿಲ್ಲ ಮೇಡಂ, ಆಣಿ ಮಾಡಿ ಹೇಳ್ತೀನಿ. ಬರೇ ನಕ್ಕೆ. ಆ ನಗೀನ ಹಿಂಗ ಇಷ್ಟ ದೊಡ್ಡದಾತು."

"ಅಣ್ಣಾರನ್ನ ಮನಿಗಿ ಕರೀದಿದ್ದದ್ದು ಅದಕ್ಕಾ?"

"ಕಪಾಟ ನೋಡ್ತಾನಲ್ರಿ!" ಎಂದು ಅವರು ಅಳುವಂತೆ ನಕ್ಕರು. "ನನ್ನ ಹೆಂಡ್ತಿಗಿ ಸಾಕಾಗಿರಬೇಕು. ಅದಕ್ಕ ಫೋನ್ ಮಾಡ್ಯಾಳ. ಅಣ್ಣ ಬೈದಿದ್ರ ಬೇಷಿತ್ತು. ಓಡಾಂವ ಇಂವಾ ಅಂದುಬಿಟ್ಟ. ಈಗ ಹೆಂಗ ನಿಲ್ಲಲಿ?"

ನಿಲ್ಲಲಿಲ್ಲ. ಅದನ್ನು ಓಟ ಎಂದು ಕರೆಯುವ ಧೈರ್ಯ ನನಗಿಲ್ಲ. ಆದರೆ ಏರು ಹತ್ತಿದರು, ಇಳಿದರು, ಒಂದು ಕಡೆ ಹುಣಸೆಮರಕ್ಕೆ ಒರಗಿ ವಾಂತಿಯನ್ನೂ ಮಾಡಿಕೊಂಡರು, ಬಾಯಿ ತೊಳೆದು ಮತ್ತೆ ಹೊರಟರು. ನಾಯಿಯೊಂದು ಬೆನ್ನು ಹತ್ತಿದಾಗ ಮಾತ್ರ ನಾವಿಬ್ಬರೂ ಖರೆಖರೆ ಓಡಿದೆವು.

ಮೈದಾನ ತಲುಪುವ ಹೊತ್ತಿಗೆ ಬಹುಮಾನ ಹಂಚಿ ಮುಗಿದು ಮಂದಿ ಉಪ್ಪಿಟ್ಟು ತಿನ್ನುತ್ತಿದ್ದರು. ಕೊನೆಯ ಗೆರೆಯ ಪಟ್ಟಿಯನ್ನು ಸುತ್ತಿಟ್ಟುಬಿಟ್ಟಿದ್ದರು. ಗೆರೆಯ ಹತ್ತಿರ ನಿಂತಿದ್ದವರು ಇಬ್ಬರೇ, ಅಣ್ಣ ಮತ್ತು ವೈನಿ. ನಮ್ಮನ್ನು ಕಂಡೊಡನೆ ಅಣ್ಣ ಹೆಗಲ ಕಂಬಳಿ ತೆಗೆದು ಒಂದು ತುದಿ ವೈನಿಯ ಕೈಗೆ ಕೊಟ್ಟರು. ಇಬ್ಬರೂ ಅದನ್ನು ಅಡ್ಡ ಹಿಡಿದು ನಿಂತರು.

"ಬಾ ತಮ್ಮಾ, ಬಾ! ಕೈ ಬೀಸು! ತಲಿ ಮ್ಯಾಲೆ ಎತ್ತು!"

ಸರ್ ಕೈ ಬೀಸಿದರು, ತಲೆ ಎತ್ತಿದರು, ಆ ಇಡೀ ದೇಹ ಒಮ್ಮೆ ಓಡಿತು. ಕಂಬಳಿಗೆ ಎದೆ ತಾಗಿಸಿ ಅಣ್ಣನ ಹೆಗಲಿಗೆ ಬಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದ ಮಂದಿಯೆಲ್ಲ ತಿರುಗಿ ಕೂಗಿದರು. ಪ್ರಾಚಾರ್ಯರು ಅವರನ್ನು ವೇದಿಕೆಗೆ ಹತ್ತಿಸಿ ಮೈಕು ಕೊಟ್ಟು, "ನಮ್ಮ ಚಾಂಪಿಯನ್ನರು ಎಲ್ಲಾರಿಗೂ ಮುಂದ ಹೋಗಾಕ ಬಿಟ್ಟು ಹಿಂದ ಬಂದಾರ. ಎರಡ ಮಾತ ಹೇಳ್ರಿ ಸರ್," ಎಂದರು.

ಉಸಿರು ಸುಧಾರಿಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಮಗಳು ವೇದಿಕೆಯ ಮುಂದೆಯೇ ನಿಂತಿದ್ದಳು.

"ನಾ ಚಾಂಪಿಯನ್ ಅಲ್ಲ," ಎಂದರು. ಮಂದಿ ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. "ತಟ್ಟಬ್ಯಾಡ್ರಿ, ಕೇಳ್ರಿ. ನಾ ಇವತ್ತ ಮೊದಲನೇ ಸಲ ಓಡೀನಿ. ನಮ್ಮನ್ಯಾಗಿನ ಕಪ್ಪೆಲ್ಲಾ ಇಗೋ, ನಮ್ಮ ಅಣ್ಣಂದು. ನಾ ಹೇಳಿದ ಕತಿಯೆಲ್ಲಾ ಇವಂದು. ಓಡಿದಾಂವ ಇಂವಾ. ನಾ ಬರೇ ಬಾಯಿಂದ ಓಡಿದಾಂವ."

ಮಗಳ ಮುಖ ಕೆಂಪಾಗಿ ತಲೆ ತಗ್ಗಿತು. ಅವಳ ಗೆಳತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಕೋಲೂರಿ ಮೆಟ್ಟಿಲು ಹತ್ತಿ ತಮ್ಮನ ಕೈಯಿಂದ ಮೈಕು ತೆಗೆದುಕೊಂಡರು. ಅದನ್ನು ಹಿಡಿಯುವುದು ಹೇಗೆಂದು ಗೊತ್ತಿರದೆ ಎರಡೂ ಕೈಯಿಂದ ಹಿಡಿದರು.

"ನಾ ಓಡಿದ್ದು ಖರೆ ಐತಿ," ಎಂದರು. "ಆದರ ಒಂದ ಮಾತ. ಮುಂದ ಇದ್ದಾಗ ಅಷ್ಟ ನಾ ಓಡೀನಿ. ಎಂದಾರ ಹಿಂದ ಬಿದ್ನೆಂದ್ರ ಕಾಲ ಉಳುಕೇತಿ ಅಂತ ಸುಳ್ಳ ಹೇಳಿ ಅರ್ಧಕ್ಕ ಕೂಡತಿದ್ದೆ. ಮಂದಿ ಮುಂದ ಎಲ್ಲಾರಿಗಿಂತ ಕಡೀಗಿ ಬರೂ ತಾಕತ್ತ ನನಗ ಇರಲಿಲ್ಲ. ಇವತ್ತ ನಮ್ಮ ತಮ್ಮ ಬಂದಾನ."

ಮೊದಲು ಚಪ್ಪಾಳೆ ತಟ್ಟಿದ್ದು ತಳ್ಳುಗಾಡಿಯ ಅಜ್ಜಿ. ಆಮೇಲೆ ಮೈದಾನವೆಲ್ಲ ತಟ್ಟಿತು. ಮಗಳು ತಟ್ಟಲಿಲ್ಲ. ನೀರಿನ ಡ್ರಮ್ಮಿನ ಹತ್ತಿರ ಹೋಗಿ ಒಂದು ತಂಬಿಗೆ ತುಂಬಿಕೊಂಡು ವೇದಿಕೆ ಹತ್ತಿ, ಅಪ್ಪನ ಮುಖ ನೋಡದೆ, "ಮೊದಲ ನೀರ ಕುಡಿ," ಎಂದಳು. ಅವರು ಕುಡಿದರು. ಖಾಲಿ ತಂಬಿಗೆ ಇಸಿದುಕೊಳ್ಳುವಾಗ, "ಬಸ್ಸಿನ ಕತಿನೂ ನಿಂದಲ್ಲಾ?" ಎಂದು ಕೇಳಿದಳು. ಅವರು ಅಲ್ಲವೆಂದು ತಲೆಯಾಡಿಸಿದರು. "ಅದಾದ್ರೂ ನಿಂದ ಇರಬೇಕಿತ್ತು," ಎಂದಳು. ಎರಡು ದಿನ ಅಪ್ಪನೊಡನೆ ಮಾತು ಬಿಟ್ಟಿದ್ದಳೆಂದು ವೈನಿ ಆಮೇಲೆ ಹೇಳಿದರು. ಮೂರನೆಯ ದಿನ ಲೆಕ್ಕ ಬಿಡಿಸಲು ಬರಲಿಲ್ಲವೆಂದು ತಾನೇ ಬಂದು ಪಕ್ಕದಲ್ಲಿ ಕೂತಳಂತೆ.

ಹುಡುಗರು ಆ ಹೆಸರನ್ನು ಬಿಡಲಿಲ್ಲ. ಮೊದಲು ನಂಬಿಕೆಯಿಂದ ಕರೆಯುತ್ತಿದ್ದರು, ಆಮೇಲೆ ಪ್ರೀತಿಯಿಂದ. ಅಣ್ಣ ತಿಂಗಳಿಗೊಮ್ಮೆಯಾದರೂ ಜಮಖಂಡಿಗೆ ಬರತೊಡಗಿದರು. ಕಪ್ಪುಗಳನ್ನು ಒಯ್ಯಲು ಹೇಳಿದರೆ, "ನಮ್ಮನ್ಯಾಗ ಕುರಿಮರಿ ಆಡ್ತಾವ, ಇಲ್ಲೇ ಇರಲಿ," ಎಂದುಬಿಟ್ಟರಂತೆ. ಮುಂದಿನ ದೀಪಾವಳಿಗೆ ಕಪ್ಪು ತಿಕ್ಕುವ ಕೆಲಸ ಸರ್ ಪಾಲಿಗೆ ಬಂತು. ಕೂತು ಮಾಡುವ ಕೆಲಸವಾದ್ದರಿಂದ ಅವರು ತಕರಾರು ಮಾಡಲಿಲ್ಲ.

ಸುದ್ದಿ ಕೇಳಿದ ವಾರ ಅವರ ಮನೆಗೆ ಹೋದೆ. ವೈನಿ ಒಳಗೆ ಕರೆದು ಚಾಪೆ ಹಾಸಿದರು. ಅಣ್ಣ ಗೋಡೆಗೆ ಒರಗಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ನಾನೇ ಓಟದ ದಿನದ ಮಾತು ತೆಗೆದೆ, ಆಟೊದೊಳಗೆ ಕಾಲಿಟ್ಟು ತೆಗೆದದ್ದನ್ನು ಹೇಳಿದೆ. ಅದು ಅಣ್ಣನಿಗೆ ಗೊತ್ತಿರಲಿಲ್ಲ. ಕೇಳಿಸಿಕೊಂಡು ಹೇಳಿದರು:

"ಸಣ್ಣಾಂವ ಇದ್ದಾಗ ನಾ ಎಲ್ಲಿ ಓಡಾಕ ಹೋದ್ರೂ ಬೆನ್ನ ಹತ್ತಿ ಬರತಿದ್ದರಿ. ನನ್ನ ಅಂಗಿ ಮಡಚಿ ಎದೀಗಿ ಹಿಡಕೊಂಡು ಗೆರಿ ಹತ್ತರ ನಿಂತಿರತಿದ್ದ. ನಾ ಬರೂತನ ಕದಲತಿರಲಿಲ್ಲ. ಆವತ್ತ ಎಲ್ಲಾರೂ ಬಂದು ಹೋದ್ರು, ರಸ್ತಾ ಖಾಲಿ ಆತು, ಇಂವಾ ಬರವಲ್ಲ. ಹಿಂಗ ನಿಂತು ದಾರಿ ಕಾಯೂದು ಎಷ್ಟ ಕಷ್ಟ ಅಂತ ನನಗ ಆವತ್ತ ತಿಳೀತು."

ವೈನಿ ಚಹಾದ ಬಸಿ ಕೆಳಗಿಟ್ಟು, ಕಣ್ಣೊರೆಸಿಕೊಂಡು, "ಅವರು ಅಷ್ಟ ಹೊತ್ತ ಕಾಯ್ಸಿದ್ರೂ ನೀವು ಒಂದ ಮಾತ ಬೈಲಿಲ್ಲ ಭಾವಾರ. ನಾ ಬೈಯಾಕಂತ ತಯಾರಾಗಿ ನಿಂತಿದ್ದೆ," ಎಂದರು.

"ನಾನೂ ತಯಾರಾಗೇ ನಿಂತಿದ್ದೆ ತಂಗೆವ್ವಾ," ಎಂದರು ಅವರು. "ಆದರ ಅಂವಾ ತಿರುವಿನ್ಯಾಗ ಕಂಡ ಕೂಡ್ಲೆ ನನ್ನ ಕೈ ತಾನ ಕಂಬಳಿಗಿ ಹೋತು."